ಮುಗ್ಗು, ಕಮಟು, ಹಳಸಲು
ಶಿರಸಿಯಲ್ಲಿ ಮಳೆ ಬಿಡುತ್ತಲೇ ಇಲ್ಲ. ಕಪಾಟು ತೆಗೆದರೆ ಮುಗ್ಗು ವಾಸನೆ. ಬಟ್ಟೆಗೆ, ಪುಸ್ತಕಕ್ಕೆ, ಅಟ್ಟದ ಅಡಿಕೆಗೂ ಅದೇ. ತೇವಕ್ಕೆ ಹಿಡಿಯುವ ಬೂಷ್ಟಿನ ವಾಸನೆ ಅದು. ಹಳೇ ಕೊಬ್ಬರಿಯದ್ದು ಬೇರೆ. ಅದರ ಎಣ್ಣೆಗೆ ಗಾಳಿ ತಾಗಿ ಕೆಟ್ಟರೆ ಕಮಟು.

ನಿನ್ನೆಯ ಅನ್ನ ಮಾತ್ರ ಹಳಸುತ್ತದೆ. ಈ 'ಹಳಸು' ನನಗೆ ತುಂಬಾ ಇಷ್ಟ. ಅದರ ಬೇರು 'ಹಳೆ'ಯಲ್ಲೇ ಇದೆ, ಅಲ್ವಾ? ಹಳೆಗನ್ನಡದಲ್ಲಿ ಹಳೆ ಅನ್ನೋದು ಪಳೆ ಆಗಿತ್ತು. ಪಾಲ್ ಹಾಲಾದ ಹಾಗೆ ಇಲ್ಲೂ ಪಕಾರ ಹೋಗಿ ಹಕಾರ ಬಂತು. ತಮಿಳಿನಲ್ಲಿ ಇವತ್ತಿಗೂ ಹಳೇ ವಸ್ತುವಿಗೆ ಪಳಸು ಅಂತಾರೆ. ಅದು ಕೆಟ್ಟಿರಬೇಕು ಅಂತೇನಿಲ್ಲ, ಹಳೇದಾದರೆ ಸಾಕು. ಎಷ್ಟು ಚೆಂದ!

ಮೀನು ಒಣಗಿಸುವ ಕಾರವಾರದ ಕಡೆ ಇಂಥ ಮಾತುಗಳು ಇನ್ನೂ ಜಾಸ್ತಿ ಇರಬೇಕು. ಗೊತ್ತಿದ್ದವರು ದಯವಿಟ್ಟು ಬರೆಯಿರಿ, ಕೂಡಿಸಿಡುತ್ತೇನೆ.