ಚೀಲದಲ್ಲಿ ಒಂದು ಹಿಡಿ ಹುಣಸೆ ಬೀಜ

ಚಿತ್ರದುರ್ಗದಲ್ಲಿ ನಮ್ಮ ಅಂಗನವಾಡಿ ಕಾರ್ಯಕರ್ತೆಯರ ಮೂರು ದಿನದ ತರಬೇತಿ ಮುಗಿಸಿ ಹೊಳಲ್ಕೆರೆ ಬಸ್ ಹತ್ತಿದ್ದೇನೆ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ಪುಣ್ಯ.

2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪೋಷಣ್ ಭೀ ಪಢಾಯಿ ಭೀ’ (ಪೋಷಣೆಯೂ, ಓದೂ) ತರಬೇತಿ ಇದು. ಮೂರು ವರ್ಷದೊಳಗಿನ ಕೂಸುಗಳಿಗೆ ‘ನವಚೇತನ’, ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’ ಎಂಬ ಕಲಿಕೆಯ ಚೌಕಟ್ಟು. ಹೆಸರುಗಳು ಬಾಯಿಗೆ ಹತ್ತಲು ಒಂದು ದಿನವೇ ಬೇಕಾಯಿತು.

ಎರಡನೆಯ ದಿನ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ ಹುಣಸೆ ಬೀಜ, ಅವರೆಕಾಳು ಬೆರೆಸಿ ಕೊಟ್ಟರು: ಹೆಬ್ಬೆರಳು, ತೋರುಬೆರಳಿನಲ್ಲೇ ಎತ್ತಿ ಬೇರೆ ಮಾಡಬೇಕು. ಈ ಹಿಡಿತ ಬಲಿತ ಮೇಲೆಯೇ ಬಳಪವಂತೆ. ನಾನೋ, ಇಷ್ಟು ವರ್ಷ ಮೂರರ ಮಗುವಿನ ಕೈ ಹಿಡಿದು ‘ಅ’ ತಿದ್ದಿಸಿದವಳು! ತಲೆ ತಗ್ಗಿಸಿ ಕಾಳು ಆರಿಸಿದೆ. ಪಕ್ಕದಲ್ಲಿದ್ದ ಹೊಸದುರ್ಗದ ಅಕ್ಕ ಮೆಲ್ಲಗೆ, “ಚೌಕಾಬಾರ ಆಡಿದ ಬೆರಳಲ್ಲವೇನೇ ನಮ್ಮದು, ಇದನ್ನೂ ಹೇಳಿಕೊಡಬೇಕೇ?” ಎಂದರು. ನಗು ತಡೆಯಲಾಗಲಿಲ್ಲ.

ಬೇಸರ ಒಂದೇ. ಕಲಿಯುತ್ತಾ ಕೂತಾಗಲೂ ಮೊಬೈಲ್ ಬಿಡಲಿಲ್ಲ. ಆ್ಯಪ್‌ಗೆ ಅದು ಹಾಕಿ, ಇದು ಹಾಕಿ.

ಈಗ ಒಬ್ಬ ತಾಯಿಯ ಫೋನ್: “ಟೀಚರ್, ನಾಳೆ ಬಾಗಿಲು ತೆಗೆಯುತ್ತೀರಲ್ಲ? ಇವನು ಮೂರು ದಿನದಿಂದ ಜೀವ ತಿನ್ನುತ್ತಿದ್ದಾನೆ.”

ತೆಗೆಯುತ್ತೇನಮ್ಮ. ಬೀಜವನ್ನೂ ತರುತ್ತಿದ್ದೇನೆ.