ಬಿಸ್ಕತ್ ಗಣಿ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಮ್ಮ ಮಗಳ ಕ್ಲಾಸಿಗೆ ನೈಸರ್ಗಿಕ ಸಂಪನ್ಮೂಲದ ಪಾಠ ಹೇಳಿಕೊಡಲು ಬೇಕಾದದ್ದು ಚಾಕೊಲೇಟ್ ಚಿಪ್ ಬಿಸ್ಕತ್ ಮತ್ತು ಹಲ್ಲುಕಡ್ಡಿ. ಮೂರನೇ ಕ್ಲಾಸು. ನಮ್ಮವರು ನ್ಯೂಮನ್ ಗಣಿಯ ಸೈಟಿನಲ್ಲಿದ್ದ ವಾರವಾದ್ದರಿಂದ ಟೀಚರಿಗೆ ಕೈಜೋಡಿಸಲು ನಾನೇ ಹೋಗಿದ್ದೆ.

ಪ್ರತಿ ಮಗುವಿಗೂ ಒಂದು ಬಿಸ್ಕತ್, ಒಂದು ಚೌಕಳಿ ಹಾಳೆ, ಒಂದಿಷ್ಟು ಆಟದ ದುಡ್ಡು. ಬಿಸ್ಕತ್ತೇ ಗುಡ್ಡ, ಅದರೊಳಗಿನ ಚಾಕೊಲೇಟ್ ಚೂರೇ ಅದಿರು. ಗುಡ್ಡವನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಹಲ್ಲುಕಡ್ಡಿಗೂ ದುಡ್ಡು ಕೊಡಬೇಕು, ಕೈ ಮುಟ್ಟಿಸುವಂತಿಲ್ಲ. ಬಿಸ್ಕತ್ತನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ಅಗೆಯಲು ಶುರು. ತೆಗೆದ ಒಂದೊಂದು ಚೂರಿಗೂ ಟೀಚರ್ ಹಣ ಎಣಿಸಿ ಕೊಡುತ್ತಾರೆ. ಇಲ್ಲಿಯವರೆಗೆ ಎಲ್ಲರೂ ಸಾಹುಕಾರರೇ. ಆಮೇಲೆ ಟೀಚರ್ ಗಂಟೆ ಬಾರಿಸಿ, ಪುಡಿಯನ್ನೆಲ್ಲ ಗೆರೆಯ ಒಳಗೆ ವಾಪಸ್ ಸೇರಿಸಿ ಅಂದರು. ಅದೂ ಕಡ್ಡಿಯಿಂದಲೇ. ಗೆರೆಯಾಚೆ ಪುಡಿ ಉಳಿದ ಒಂದೊಂದು ಚೌಕಕ್ಕೂ ದಂಡ. ಎಲ್ಲರಿಗಿಂತ ಹೆಚ್ಚು ಚೂರು ಕಿತ್ತು ಮೆರೆಯುತ್ತಿದ್ದ ಹುಡುಗನೊಬ್ಬ ದಂಡದ ಲೆಕ್ಕ ಹಾಕಿ ಗಾಬರಿಯಾಗಿ, ಪುಡಿಯನ್ನು ಬಾಯಿಗೆ ಹಾಕಿಕೊಂಡು ಸಾಕ್ಷಿ ನಾಶ ಮಾಡಲು ನೋಡಿದ. ಅದಕ್ಕೂ ದಂಡ ಬಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ಕಾರು ಹತ್ತುವವರೆಗೆ ಅಷ್ಟೇ. ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತಾ ಮಗಳು ಕೇಳಿದಳು: “ಅಮ್ಮಾ, ತಾತನ ಊರಲ್ಲಿ ಪುಡಿ ವಾಪಸ್ ಇಟ್ಟೋರು ಯಾರು?”

ತಾತನ ಊರೆಂದರೆ ಬಳ್ಳಾರಿ ಜಿಲ್ಲೆಯ ಸಂಡೂರಿನ ಪಕ್ಕದ ಹಳ್ಳಿ. ಕಳೆದ ರಜೆಗೆ ಹೋದಾಗ ತೋರಣಗಲ್ಲಿನಲ್ಲಿ ರೈಲಿಳಿದು ಕಾರಿನಲ್ಲಿ ಹೋಗುವಾಗ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗುಡ್ಡ ನೋಡಿ “ಯಾರು ಕಟ್ಟಿದ್ದು?” ಅಂದಿದ್ದಳು. ಕಟ್ಟಿದ್ದಲ್ಲ ಅಂತ ಆಗಲೇ ಹೇಳಿದ್ದೆ. ಅದನ್ನು ಮರೆತಿರಲಿಲ್ಲ ಅಂತ ಕಾಣುತ್ತೆ.

ನೈಸರ್ಗಿಕ ಸಂಪನ್ಮೂಲ ನಮಗೂ ಪಾಠವಾಗಿತ್ತು. ‘ಕಬ್ಬಿಣದ ಅದಿರು ಹೇರಳವಾಗಿ ದೊರೆಯುವ ಜಿಲ್ಲೆ ಯಾವುದು?’ ಒಂದು ಮಾರ್ಕಿನ ಪ್ರಶ್ನೆ. ಬಳ್ಳಾರಿ ಅಂತ ಬರೆದರೆ ಮುಗೀತು. ಬರೆಯುವ ಮುಂಚೆ ನೋಟ್‌ಬುಕ್ ಒಮ್ಮೆ ಕೊಡವಬೇಕಿತ್ತು, ಯಾಕೆಂದರೆ ಕಿಟಕಿಯಿಂದ ಬಂದ ಅದೇ ಅದಿರಿನ ಧೂಳು ಹಾಳೆಯ ಮೇಲೆ ಕೂತಿರುತ್ತಿತ್ತು. ನನ್ನ ಹೈಸ್ಕೂಲಿನ ವರ್ಷಗಳೆಂದರೆ ಚೀನಾಕ್ಕೆ ಎಷ್ಟು ಅದಿರು ಕಳಿಸಿದರೂ ಸಾಲದಿದ್ದ ಕಾಲ. ಜೋಳ ಬಿತ್ತುವ ಹೊಲಗಳಲ್ಲೂ ಅದಿರು ಅಗೆದರು. ಚಿಕ್ಕಪ್ಪ ಸಾಲ ಮಾಡಿ ಲಾರಿ ತಂದ. ನಮ್ಮ ಹೊಲ ರಸ್ತೆ ಪಕ್ಕದ್ದು; ಜೋಳದ ಗರಿ ಹಸಿರು ಅನ್ನೋದು ಮಳೆ ಬಂದ ಮರುದಿನ ಮಾತ್ರ ಗೊತ್ತಾಗುತ್ತಿತ್ತು. ಆಂಧ್ರದ ಗಡಿಯಲ್ಲಿ ಸುಗ್ಗಲಮ್ಮನ ಗುಡಿಯನ್ನೇ ಸಿಡಿಸಿದರು ಅಂತ ಸುದ್ದಿ ಬಂದಾಗ ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ನನ್ನ ಕಾಲೇಜಿನ ಫೀಸು ಬಂದದ್ದೂ ಚಿಕ್ಕಪ್ಪನ ಲಾರಿಯಿಂದಲೇ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ಮನೆ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ.

ಆ ರಾತ್ರಿ ಮಗಳ ಪ್ರಶ್ನೆಯನ್ನು ಫೋನಿನಲ್ಲಿ ಅಪ್ಪನಿಗೆ ದಾಟಿಸಿದೆ.

“ಗುಡ್ಡ ಅಂದ್ರ ಬಿಸ್ಕೀಟೇನವ್ವಾ,” ಅಂತ ನಕ್ಕ. ಆಮೇಲೆ, “ದಂಡ ಏನೋ ಕಟ್ಟಿಸ್ಕಂಡಾರ. ಪುಡಿ ಹಂಗೇ ಐತಿ,” ಅಂದ.

ಅಪ್ಪನ ಮಾತು ಬಹಳ ಮಟ್ಟಿಗೆ ಸರಿ. ಕೋರ್ಟಿನ ಆದೇಶದಂತೆ, ಮಾರಾಟವಾದ ಅದಿರಿನ ಹಣದಲ್ಲಿ ಒಂದು ಪಾಲನ್ನು ಗಣಿಯಿಂದ ಹಾಳಾದ ಊರುಗಳಿಗಂತಲೇ ಎತ್ತಿಟ್ಟರು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೆಸರಿನಲ್ಲಿ ಸಾವಿರಾರು ಕೋಟಿ ಸೇರಿತು. ಅದನ್ನು ಖರ್ಚು ಮಾಡಲು ಗಣಿ ಪರಿಸರ ಪುನಶ್ಚೇತನ ನಿಗಮ ಅಂತ ಒಂದಾಯಿತು. ಹಣ ಮಾತ್ರ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಬಡ್ಡಿ ತಿನ್ನುತ್ತಾ ಕೂತಿತು. ಕೊನೆಗೆ 2022ರಲ್ಲಿ ಖರ್ಚಿನ ಮೇಲೆ ಕಣ್ಣಿಡಲು ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಸುಪ್ರೀಂ ಕೋರ್ಟೇ ನೇಮಿಸಬೇಕಾಯಿತು. ಎಂಟು ವರ್ಷದ ಹುಡುಗಿಗೆ ಇದನ್ನು ಹೇಗೆ ಹೇಳೋದು? “ದುಡ್ಡು ಕಟ್ಟಿಸಿಕೊಂಡಿದ್ದಾರೆ, ತುಂಬೋ ಕೆಲಸ ನಡೀತಾ ಇದೆ” ಅಂದೆ. “ಅಷ್ಟೊತ್ತು ಬೇಕಾ?” ಅಂದಳು.

ಇಷ್ಟೆಲ್ಲ ಓದಿ ಇಲ್ಲಿನವರನ್ನು ಸಾಚಾಗಳು ಅಂದುಕೊಳ್ಳಬೇಡಿ. ಜಗತ್ತಿನ ಕಬ್ಬಿಣದ ಅದಿರಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೋಗೋದು ಈ ರಾಜ್ಯದಿಂದಲೇ. 2020ರ ಮೇ ತಿಂಗಳಲ್ಲಿ ಪಿಲ್‌ಬರಾ ಗಣಿ ಪ್ರದೇಶದ ಜುಕಾನ್ ಕಮರಿಯಲ್ಲಿ, 46,000 ವರ್ಷಗಳಿಂದ ಜನ ಬಂದುಹೋಗಿದ್ದರ ಗುರುತುಗಳಿದ್ದ ಕಲ್ಲಾಸರೆಗಳನ್ನು ಅದಿರಿಗಾಗಿ ಸಿಡಿಸಿ ಉಡಾಯಿಸಿದರು. ಅದೂ ಕಾನೂನಿನ ಅನುಮತಿ ಪಡೆದೇ! ಅದನ್ನು ಟಿವಿಯಲ್ಲಿ ನೋಡಿದಾಗ ನನಗೆ ಸುಗ್ಗಲಮ್ಮ ನೆನಪಾಗಿದ್ದಳು. ಬಿಸ್ಕತ್ತಿನ ಪಾಠದಲ್ಲಿ ಆ ಕಮರಿಯ ಸುದ್ದಿ ಬರಲಿಲ್ಲ. ನೀರಿನ ಪಾಠವೂ ಅಷ್ಟೇ. ಹುಲ್ಲುಹಾಸಿಗೆ ನೀರು ಬಿಡಲು ವಾರಕ್ಕೆ ಎರಡೇ ದಿನ ಅಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಪಕ್ಕದ ಮನೆಯವರು ತಪ್ಪು ದಿನ ಬಿಟ್ಟರೆ ನನ್ನ ಮಗಳು ಬೇಲಿ ಹತ್ತಿ ನೋಡುತ್ತಾಳೆ. ಸಮುದ್ರದ ನೀರಿನಿಂದ ಉಪ್ಪು ತೆಗೆದು ನಲ್ಲಿಗೆ ಬಿಡುವ ಊರು ಇದು. ಪಾತ್ರೆ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುವ ಅವ್ವನಿಗೆ ಇವರು ಹೇಳಿಕೊಡುವಂಥದ್ದು ಏನೂ ಇಲ್ಲ.

ಆದರೂ ಆ ದಂಡದ ಲೆಕ್ಕ ನನಗೆ ಹಿಡಿಸಿತು. ನಮ್ಮ ಪುಸ್ತಕದಲ್ಲಿ ಅದಿರು ‘ದೊರೆಯುತ್ತಿತ್ತು’, ಅಷ್ಟೇ. ಅದಕ್ಕೊಂದು ಖರ್ಚಿದೆ, ಆ ಖರ್ಚನ್ನು ಯಾರೋ ಭರಿಸಬೇಕು ಅನ್ನೋದು ಯಾವ ಪುಟದಲ್ಲೂ ಇರಲಿಲ್ಲ. ಚಿಕ್ಕಪ್ಪನ ಮಗಳು ಅದೇ ಭಾಗದ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳಿಗೆ ವಾಟ್ಸಾಪಿನಲ್ಲಿ ಆಟದ ನಿಯಮವನ್ನೆಲ್ಲ ಹೇಳಿದೆ.

“ಆ ಬಿಸ್ಕತ್ ಎಲ್ಲಿಂದ ತರ್ಲಿ ಅಕ್ಕಾ, ಶೇಂಗಾ ಚಿಕ್ಕಿ ಆಗಲ್ಲೇನು?” ಅಂದಳು.

ಆಯಿತು. ಹಲ್ಲುಕಡ್ಡಿ ಮುರಿದವು, ಸೇಫ್ಟಿ ಪಿನ್ ಬಂದವು. ಬೆಲ್ಲ ಸಿಡಿದು ಬೆಂಚಿನ ತುಂಬ ಚೆಲ್ಲಿತು, ಎಷ್ಟು ಗೋರಿದರೂ ಚಿಕ್ಕಿ ಮತ್ತೆ ಚಿಕ್ಕಿಯಾಗಲಿಲ್ಲ. ಎಲ್ಲರಿಗೂ ದಂಡ. ಅಪ್ಪ ಗಣಿಯಲ್ಲಿ ಡಂಪರ್ ಓಡಿಸುವ ಹುಡುಗನೊಬ್ಬ ಎದ್ದು ನಿಂತು ಕೇಳಿದನಂತೆ: “ಟೀಚರ್, ದಂಡದ ರೊಕ್ಕ ನಿಮ್ಮ ಹತ್ರ ಐತಲ್ರಿ, ಅದ್ರಾಗ ನಮಗೇನು ಮಾಡಸ್ತೀರಿ?”

“ಏನ್ ಹೇಳ್ಬೇಕಿತ್ತಕ್ಕಾ ನಾನು?” ಅಂತ ತಂಗಿ ನನ್ನನ್ನೇ ಕೇಳಿದಳು. ನಂಗೂ ತೋಚಲಿಲ್ಲ. ಆದರೆ ಅವಳು ಆಗಲೇ ಒಂದು ಕೆಲಸ ಮಾಡಿದ್ದಳು. ಆ ಆಟದ ದುಡ್ಡನ್ನೆಲ್ಲ ಮೇಜಿನ ಮೇಲೆ ಸುರಿದು, ಏನೇನು ಬೇಕು ಅಂತ ಮಕ್ಕಳ ಕೈಲೇ ಬರೆಸಿದ್ದಳು. ಗಿಡ ಅಂತ ಬರುತ್ತೆ ಅಂದುಕೊಂಡಿದ್ದಳಂತೆ. ಮೊದಲು ಬಂದದ್ದು ನಲ್ಲಿ. ಎರಡನೆಯದು ಶಾಲೆಗೆ ಬರೋಕೆ ಲಾರಿ ಓಡಾಡದ ದಾರಿ. ಮೂರನೆಯದು ಕಿಟಕಿಗೆ ಗಾಜು. ಬೇವಿನ ಗಿಡ ಆಮೇಲೆ, ಅದೂ ‘ನೀರು ಬಂದರೆ’ ಅಂತ ಬರೆದು.

ಪಟ್ಟಿ ನೋಡಿದ ಹೆಡ್‌ಮಾಸ್ಟರು ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿಡೋಣ ಅಂದಿದ್ದಾರಂತೆ. ಸಭೆ ಮುಂದಿನ ತಿಂಗಳು.