ಆರೂವರೆಯ ಬಾಗಿಲು

12 ನವೆಂಬರ್ 2025, ಬುಧವಾರ
ಸ್ವಿಂಡನ್

ಇವತ್ತು ಬೆಳಿಗ್ಗೆ ಬಾಗಿಲಲ್ಲೇ ನಿಂತು ಒಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳಲ್ಲ, ಮುಕ್ಕಾಲು ಭಾಗ ನಿಜವೇ. ಉಳಿದ ಕಾಲು ಭಾಗ ರಾತ್ರಿ ಹತ್ತಾದರೂ ಮಲಗಲು ಬಿಡುತ್ತಿಲ್ಲ.

ಮೊಸರನ್ನನನ್ನು ಯಾವಾಗಲೂ ಅವನ ಅಪ್ಪ ಬಿಟ್ಟು ಹೋಗುವುದು. (ನನ್ನ ಮನೆಯಲ್ಲಿ ನಾನು ನೋಡಿಕೊಳ್ಳುವ ಬೇರೆಯವರ ಮಕ್ಕಳ ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಎರಡು ವರ್ಷದ ಇವನು ಬೇರೆ ಏನು ಕೊಟ್ಟರೂ ಉಗಿಯುತ್ತಾನೆ, ಅದಕ್ಕೆ ಈ ಹೆಸರು.) ಇವತ್ತು ಅವನ ಅಮ್ಮನಿಗೆ ಮಧ್ಯಾಹ್ನದ ಪಾಳಿಯಂತೆ, ಅವಳೇ ಬಂದಿದ್ದಳು. ಧಾರವಾಡದ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್. ಮಗನ ಶೂ ಬಿಚ್ಚುತ್ತಾ, ತಲೆ ಎತ್ತದೆ ಕೇಳಿದಳು.

"ಅಕ್ಕಾರ, ಮುಂದಿನ ತಿಂಗಳಿಂದ ನಂದು ವಾರ್ಡ್ ಬದಲಿ ಆಗ್ತದ. ಏಳೂವರಿಗೆ ಅಲ್ಲಿ ಇರಬೇಕು. ಇವರಿಗೆ ಬ್ರಿಸ್ಟಲ್‌ನಾಗ ಕೆಲಸ, ಆರೂಮುಕ್ಕಾಲಿನ ಟ್ರೇನ್. ಕೂಸನ್ನ ಆರೂವರಿಗೆ ಬಿಟ್ರ ನಡೀತದೇನ್ರೀ? ಒಂದು ತಾಸಿನ ಮಾತು."

ನಾನು ಯೋಚನೆ ಮಾಡಲೇ ಇಲ್ಲ. ಬಾಯಿ ತಾನಾಗಿ ಮಾತಾಡಿತು. "ಅದಕ್ಕೆ ಆಫ್‌ಸ್ಟೆಡ್‌ನವರು ಒಪ್ಪಬೇಕಮ್ಮ. ನನ್ನ ಕೈಯಲ್ಲಿಲ್ಲ." (ನಮ್ಮಂಥವರ ನೋಂದಣಿ, ತಪಾಸಣೆ ಎಲ್ಲಾ ಈ ಇಲಾಖೆಯದ್ದು.)

"ಹೌದ್ರೀ?" ಅಂದಳು. ಮುಖ ಸಣ್ಣಗಾಯಿತು. "ಹಂಗಾರ ಕೇಳಿ ನೋಡ್ರಿ, ಅಕ್ಕಾರ."

ಅವಳು ಹೋದ ಮೇಲೆ ಮೊಸರನ್ನ ಕಿಟಕಿಗೆ ಮೂಗು ಒತ್ತಿ ನಿಂತ. ನಾನು ಅವನ ಹಿಂದೆ ನಿಂತೆ.

ವಿಷಯ ಏನು ಅಂದರೆ, ಆಫ್‌ಸ್ಟೆಡ್ ಒಪ್ಪಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ನಮ್ಮಂಥ ಚೈಲ್ಡ್‌ಮೈಂಡರ್‌ಗಳು ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಬದಲಾಯಿಸಬೇಕಾದರೆ ಅವರಿಗೆ ತಿಳಿಸಬೇಕು. ಅಷ್ಟೇ. ಸಾಧ್ಯವಾದರೆ ಮುಂಚೆಯೇ, ಆಗದಿದ್ದರೆ ಬದಲಾದ 14 ದಿನದೊಳಗೆ. ರಾತ್ರಿ ಮಲಗಿಸಿಕೊಳ್ಳುವುದಾದರೆ ಅದನ್ನೂ ಹೇಳಬೇಕು. ತಮಾಷೆ ಏನೆಂದರೆ, ನಿಯಮದಲ್ಲಿ ಇರುವುದು 'ಬದಲಾವಣೆ' ಅಂತಲ್ಲ, 'ಬದಲಾಯಿಸುವ ಪ್ರಸ್ತಾಪ' ಅಂತ. ಹಾಗಾದರೆ ತಲೆಯೊಳಗೆ ಯೋಚನೆ ಬಂದರೂ ತಿಳಿಸಬೇಕಾ? ನನ್ನ ತಲೆಯಲ್ಲಿ ದಿನಕ್ಕೆ ಹತ್ತು ಪ್ರಸ್ತಾಪ ಬರುತ್ತವೆ. ಎಲ್ಲಾ ಬಿಟ್ಟು ಊರಿಗೆ ಹೋಗಿ ಕೋಳಿ ಸಾಕುವ ಪ್ರಸ್ತಾಪವೂ ಅದರಲ್ಲಿದೆ.

ಇರಲಿ. ಒಂದು ಗಂಟೆಯ ನಿದ್ದೆ ಹೋಗುತ್ತದೆ ಅಂತ ಒಂದು ಇಡೀ ಇಲಾಖೆಯನ್ನು ಅಡ್ಡ ಇಟ್ಟುಕೊಂಡೆ. ಆರೂವರೆಗೆ ಮಗು ಬರಬೇಕಾದರೆ ನಾನು ಐದೂವರೆಗೆ ಏಳಬೇಕು. ಈಗ ನವೆಂಬರ್. ಏಳು ಗಂಟೆಗೂ ಹೊರಗೆ ಸರಿಯಾಗಿ ಬೆಳಕಿರುವುದಿಲ್ಲ. ಸಂಜೆ ಸ್ಕೂಲಿನಿಂದ ಬರುವ ಇಬ್ಬರು ಹೋಗುವಾಗ ಆರು. ಆಮೇಲೆ ನೆಲ ಒರೆಸಿ, ಆಟದ ಸಾಮಾನು ತೊಳೆದು, ನಾಳೆಗೆ ಅಕ್ಕಿ ನೆನೆಸಿ.

ಇಷ್ಟು ಅವಳಿಗೆ ಹೇಳಬಹುದಿತ್ತು ಅಲ್ವಾ? ಹೇಳಲು ನಾಚಿಕೆಯಾಯಿತು. ಹನ್ನೆರಡು ಗಂಟೆ ನಿಂತೇ ಕೆಲಸ ಮಾಡುವವಳ ಮುಂದೆ 'ನನಗೆ ಸುಸ್ತು' ಅನ್ನಲು ನಾಲಗೆ ಏಳಲಿಲ್ಲ.

ಬೆಳಿಗ್ಗೆಯಿಡೀ ಬೇರೆ ನೆಪ ಹುಡುಕಿದೆ. ಕೌನ್ಸಿಲ್‌ನವರು ಬೇಡ ಅನ್ನಬಹುದಾ? ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಯ ಚಿಕ್ಕ ಮಕ್ಕಳಿಗೆ ಈ ಸೆಪ್ಟೆಂಬರ್‌ನಿಂದ ವಾರಕ್ಕೆ 30 ಗಂಟೆ ಕೌನ್ಸಿಲ್ ಮೂಲಕ ಸರ್ಕಾರದ ದುಡ್ಡು ಬರುತ್ತದೆ, ವರ್ಷಕ್ಕೆ 38 ವಾರ. ಆ ಗಂಟೆಗಳು ಬೆಳಿಗ್ಗೆ ಆರಕ್ಕಿಂತ ಮುಂಚೆ ಇರಬಾರದು, ರಾತ್ರಿ ಎಂಟು ದಾಟಬಾರದು, ಒಂದು ಸಲಕ್ಕೆ ಹತ್ತಕ್ಕಿಂತ ಜಾಸ್ತಿ ಆಗಬಾರದು. ಆರು ಅಂತಿದೆ. ನನ್ನದು ಆರೂವರೆ. ಅಲ್ಲೂ ಬಾಗಿಲು ತೆರೆದೇ ಇದೆ. ಮಕ್ಕಳ ಲೆಕ್ಕ? ಎಂಟು ವರ್ಷದೊಳಗಿನವರು ಆರು ಜನ, ಅದರಲ್ಲಿ ಐದು ವರ್ಷದೊಳಗಿನವರು ಮೂವರು, ಅದನ್ನು ದಾಟಬಾರದು. ಆರೂವರೆಗೆ ಇರುವವನು ಇವನೊಬ್ಬನೇ. ಪಕ್ಕದ ಮನೆ ಅಜ್ಜನಿಗೆ ಕಾರಿನ ಸದ್ದು ತೊಂದರೆ ಆಗಬಹುದು ಅಂದುಕೊಂಡೆ. ಆ ಅಜ್ಜ ಐದಕ್ಕೇ ನಾಯಿ ಹಿಡಿದುಕೊಂಡು ರಸ್ತೆಯಲ್ಲಿರುತ್ತಾರೆ.

ಯಾವ ನಿಯಮವೂ ನನ್ನ ಪರ ಇಲ್ಲ. ನಿಯಮಗಳನ್ನು ಬೈಯುತ್ತಾ ಬಂದವಳಿಗೆ, ಬೇಕು ಅಂದಾಗ ಒಂದೂ ಸಿಗಲಿಲ್ಲ.

ಮಧ್ಯಾಹ್ನ ಒಂದಕ್ಕೆ ಮಕ್ಕಳು ಮಲಗಿದರು. ಊರಲ್ಲಿ ಆರೂವರೆ. (ಇಲ್ಲೂ ಆರೂವರೆ!) ಅಮ್ಮನಿಗೆ ಫೋನ್ ಮಾಡಿದೆ. ಮಕ್ಕಳ ಉಸಿರು ಕೇಳುವಷ್ಟು ಹತ್ತಿರ ಕೂತು, ಪಿಸುಮಾತಿನಲ್ಲಿ ಎಲ್ಲಾ ಹೇಳಿದೆ.

ನಿಮಗೆ ನಮ್ಮಮ್ಮ ಗೊತ್ತು. ಮೂವತ್ತು ವರ್ಷಕ್ಕೂ ಮೇಲೆ ಅಂಗನವಾಡಿಯಲ್ಲಿ ಇದ್ದವಳು. ಆದರೂ ಹೋದ ವರ್ಷ ನನ್ನ ಮಗನಿಗೆ ಹದಿನಾರು ತುಂಬಿ, ಅವನಿಗೂ ಡಿಬಿಎಸ್, ಅಂದರೆ ಪೊಲೀಸ್ ದಾಖಲೆಯ ತಪಾಸಣೆ, ಆಗಬೇಕು ಅಂದಾಗ ಎರಡು ದಿನ ಮುನಿಸಿಕೊಂಡಿದ್ದಳು. "ಮನೆ ಮಗನ ಮೇಲೆ ಪೊಲೀಸ್ ವಿಚಾರಣೆನಾ? ಅವನು ಏನು ಮಾಡಿದ್ದ?" ಏನೂ ಮಾಡಿಲ್ಲಮ್ಮ, ಮಕ್ಕಳಿರುವ ಮನೆಯಲ್ಲಿ ಹದಿನಾರು ದಾಟಿದವರಿಗೆಲ್ಲಾ ಮಾಡಲೇಬೇಕು ಅಂದರೂ ಕೇಳಿರಲಿಲ್ಲ. ಅದಕ್ಕೇ ಇವತ್ತೂ 'ಮಗು ಎತ್ತಿಕೊಳ್ಳೋಕೆ ಸರ್ಕಾರಕ್ಕೆ ಯಾಕೆ ಹೇಳಬೇಕು' ಅಂತಾಳೆ ಅಂದುಕೊಂಡಿದ್ದೆ.

ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳೋದಾ, ತಿಳಿಸೋದಾ?" ಅಂದಳು.

"ಏನಮ್ಮಾ?"

"ಅವರನ್ನ ಕೇಳಬೇಕೋ, ಬರೀ ತಿಳಿಸಬೇಕೋ? ರಜಾ ಅರ್ಜಿ ಕೊಟ್ಟು ಮೇಲಧಿಕಾರಿ ಸಿಡಿಪಿಒ ಸೈನಿಗೆ ಕಾಯೋದು ಒಂದು. ಚೀಟಿ ಕಳಿಸಿ ಮನೇಲಿ ಕೂರೋದು ಇನ್ನೊಂದು. ನಿಂದು ಯಾವುದು?"

ಸಿಕ್ಕಿಬಿದ್ದೆ. "ತಿಳಿಸೋದು," ಅಂದೆ.

"ಮತ್ತೆ ಆ ಹುಡುಗೀಗೆ ಅವರು ಒಪ್ಪಬೇಕು ಅಂದೆಯಲ್ಲ?"

ನಾನು ಮಾತಾಡಲಿಲ್ಲ. ಆಗ ಅಮ್ಮ ನನಗೆ ಇಷ್ಟು ವರ್ಷ ಹೇಳದೇ ಇದ್ದ ಒಂದು ವಿಷಯ ಹೇಳಿದಳು. ನಾನು ಆಗ ಹೈಸ್ಕೂಲು. ಗಾರೆ ಕೆಲಸಕ್ಕೆ ಹೋಗುವ ಒಬ್ಬಾಕೆ ಮಗುವನ್ನು ಬೆಳಿಗ್ಗೆ ಎಂಟಕ್ಕೇ ತಂದು ಬಿಡಲಾ ಅಂತ ಕೇಳಿದ್ದಳಂತೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಅಮ್ಮ 'ಪಾಪ' ಅಂತ ಹೂಂ ಅಂದಳು. ಯಾರಿಗೂ ಹೇಳಲಿಲ್ಲ. ಒಂದು ದಿನ ಎಂಟೂಕಾಲಿಗೆ ಆ ಮಗು ಮೆಟ್ಟಿಲಿಂದ ಬಿದ್ದು ಗದ್ದ ಒಡೆದುಕೊಂಡಿತು. ಮೂರು ಹೊಲಿಗೆ.

"ಸೂಪರ್‌ವೈಸರ್ ಬಂದರು. ಎಂಟೂಕಾಲಿಗೆ ಅಂಗನವಾಡಿ ಎಲ್ಲಿ ತೆಗೆದಿತ್ತು ಅಂದರು. ಅದು ಅಂಗನವಾಡಿ ಹೊತ್ತಲ್ಲ. ಮಗು ಅದರ ಮನೇಲೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೊತ್ತೇ ಇಲ್ಲ ಕಣೇ. ಆ ಒಂದೂವರೆ ಗಂಟೆ ಯಾರದ್ದೂ ಅಲ್ಲ."

"ಆಮೇಲೆ?"

"ಆಮೇಲೇನು. ಮೆಮೊ ಕೊಟ್ಟರು. ಅದಿರಲಿ, ಆ ಹೆಂಗಸು ಮಗೂನ ಕೆಲಸದ ಜಾಗಕ್ಕೇ ಕರಕೊಂಡು ಹೋಗೋಕೆ ಶುರು ಮಾಡಿದಳು. ಮರಳಿನ ರಾಶಿ ಮೇಲೆ ಕೂರಿಸ್ತಿದ್ದಳು. ನಾನು ಬಸ್ಸಲ್ಲಿ ಹೋಗುವಾಗ ನೋಡ್ತಿದ್ದೆ."

ಅಷ್ಟರಲ್ಲಿ ಒಳಗೆ ಒಬ್ಬಳು ಕೆಮ್ಮಿದಳು, ಫೋನ್ ಇಟ್ಟೆ.

ಸಂಜೆ ಇವರಿಗೆ ಹೇಳಿದರೆ, "ಸುಮ್ನೆ ಬಾಗಿಲು ತೆಗಿ. ಯಾರಿಗೆ ಗೊತ್ತಾಗುತ್ತೆ?" ಅಂದರು. ಚಪಾತಿ ಹರಿಯುತ್ತಾ. ಗಂಡಸರಿಗೆ ಎಲ್ಲಾ ಎಷ್ಟು ಸುಲಭ! ನೋಂದಣಿ ಇರುವವಳು ಸರಿಯಾದ ಕಾರಣ ಇಲ್ಲದೆ ತಿಳಿಸದೇ ಇದ್ದರೆ ಅದು ಅಪರಾಧ ಅಂದೆ. ನೋಂದಣಿ ಮಾಡಿಸದವರು ದಿನಕ್ಕೆ ಎರಡು ಗಂಟೆಯೊಳಗೆ ಮಗು ನೋಡಿಕೊಂಡರೆ ಕೇಳುವವರಿಲ್ಲ, ನನ್ನ ಒಂದು ಗಂಟೆಗೆ ಮಾತ್ರ ಲೆಕ್ಕ ಕೊಡಬೇಕು, ಅದೂ ಅಂದೆ. ಮೆಟ್ಟಿಲ ವಿಷಯ ಹೇಳಲಿಲ್ಲ. ನಮ್ಮ ಮನೆಯ ಮೆಟ್ಟಿಲಿಗೆ ಗೇಟ್ ಇದೆ, ಆದರೂ ಎದ್ದು ಹೋಗಿ ಒಮ್ಮೆ ಅಲ್ಲಾಡಿಸಿ ನೋಡಿ ಬಂದೆ.

ತಿಳಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನನ್ನ ಹೆಸರಿನ ಮುಂದೆ ಒಂದು ಗಂಟೆ ಸೇರುತ್ತದೆ. ಇನ್ಸ್‌ಪೆಕ್ಟರ್ ಬರುವ ಮುಂಚೆ ಫೋನ್ ಮಾಡಿ ಯಾವ ಹೊತ್ತಿಗೆ ಮಕ್ಕಳಿರುತ್ತಾರೆ ಅಂತ ಕೇಳಿದಾಗ ನನ್ನ ಉತ್ತರ ಬೇರೆ ಆಗುತ್ತದೆ. ನಿನಗೆ ಆಗುತ್ತಾ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು ಅಂತಲೂ ಅಲ್ಲ. ಇನ್ಶೂರೆನ್ಸ್‌ನವರಿಗೊಂದು ಮೇಲ್, ಅವಳ ಕರಾರು ಪತ್ರದಲ್ಲಿ ಒಂದು ತಿದ್ದುಪಡಿ.

ಎಂಟೂವರೆಗೆ ಲ್ಯಾಪ್‌ಟಾಪ್ ತೆಗೆದೆ. ಆರೂವರೆ ಅಂತ ಬರೆದೆ. ಅಳಿಸಿ ಏಳು ಅಂತ ಬರೆದೆ. ಏಳಕ್ಕೆ ಬಿಟ್ಟರೆ ಅವನ ಅಪ್ಪನ ಟ್ರೇನ್ ಹೋಗಿರುತ್ತದೆ. ಅವಳೇ ಬಿಟ್ಟು ಹೋದರೆ? ಇಲ್ಲಿಂದ ಆಸ್ಪತ್ರೆಗೆ ಕಾರಲ್ಲಿ ಹದಿನೈದು ನಿಮಿಷ, ಪಾರ್ಕಿಂಗ್ ಸಿಗಲು ಇನ್ನೊಂದಿಷ್ಟು, ಬಟ್ಟೆ ಬದಲಾಯಿಸಬೇಕು. ಅವಳ ಬೆಳಗನ್ನು ನಿಮಿಷ ನಿಮಿಷ ಲೆಕ್ಕ ಹಾಕುತ್ತಾ ಕೂತೆ. ನನ್ನದನ್ನು ಹಾಕಲೇ ಇಲ್ಲ. ವಾರಕ್ಕೆ ಮೂರು ದಿನ ಅಂತ ಹೇಳಿದರೆ ಹೇಗೆ? ಅವಳ ಪಾಳಿ ಹೇಗೂ ವಾರಕ್ಕೆ ಮೂರೇ ಇರಬೇಕು. ಕೇಳಿಲ್ಲ. ಬೆಳಿಗ್ಗೆ ಕೇಳಬೇಕಾಗಿದ್ದ ಮೊದಲ ಪ್ರಶ್ನೆಯೇ ಅದು.

ಇದನ್ನು ಬರೆಯುವಾಗಲೇ ವಾಟ್ಸಾಪ್ ಬಂತು. "ಅಕ್ಕಾರ, ಮಲಗೀರೇನ್ರೀ? ಆಫ್‌ಸ್ಟೆಡ್‌ನವರು ಏನಂದ್ರು?" ಕೆಳಗೆ ಮೊಸರನ್ನ ಬಾಯಿ ತೆರೆದು ಮಲಗಿರುವ ಫೋಟೋ.

ಅಯ್ಯೋ, ತೆರೆದುಬಿಟ್ಟೆ. ನೀಲಿ ಗುರುತು ಬಿದ್ದಾಗಿದೆ. 'ಅವರು' ಅಂತ ಟೈಪ್ ಮಾಡಿದೆ. ಅಳಿಸಿದೆ. ಈಗ 'ನಾನು' ಅಂತ